ಬಂದವರ ಹೆಸರು ನಮಗೆ ಗೊತ್ತೇ?

ಸುರತ್ಕಲ್ ಪರಿಸರದ ಮಸೀದಿಗಳಲ್ಲಿ ಅಸರ್ ನಮಾಝಿನ ಹೊತ್ತಿಗೆ ವುಝೂ ಮಾಡುವ ಜಾಗದ ಬಳಿ ನಿಂತು ನೋಡಿದರೆ ಕೆಲವೊಮ್ಮೆ ಒಂದು ದೃಶ್ಯ ಕಾಣಸಿಗುತ್ತದೆ. ಬಾಂಗ್ ಆಗಿರುತ್ತದೆ, ಸಫ್‌ಗಳು ಸಿದ್ಧವಾಗುತ್ತಿರುತ್ತವೆ. ಆದರೆ ಒಬ್ಬಿಬ್ಬರು ಯುವಕರು ಗಡಿಯಾರ ನೋಡುತ್ತಾ, ಒಳಗೆ ಬರಬೇಕೋ ಬೇಡವೋ ಎಂದು ಅನುಮಾನಿಸುತ್ತಾ ನಿಂತಿರುತ್ತಾರೆ. ಅವರು ಬಿಹಾರದಿಂದಲೋ ಪಶ್ಚಿಮ ಬಂಗಾಳದಿಂದಲೋ ಬೈಕಂಪಾಡಿಯ ಕಾರ್ಖಾನೆಗಳಿಗೆ ದುಡಿಯಲು ಬಂದ ಹನಫಿಗಳು. ವಸ್ತುವಿನ ನೆರಳು ಅದರ ಎರಡು ಪಟ್ಟು ಉದ್ದವಾದ ಬಳಿಕವೇ ಅಸರ್‌ನ ಸಮಯ ಎಂದು ಊರಿನ ಮದ್ರಸಾದಲ್ಲಿ ಕಲಿತವರು. ಶಾಫಿಈಗಳಾದ ನಮಗೆ ನೆರಳು ಒಂದು ಪಟ್ಟಾದರೆ ಸಾಕು. ಹೀಗಾಗಿ ಸುಮಾರು ಒಂದು ತಾಸಿನ ಅಂತರ ಬಿದ್ದುಬಿಡುತ್ತದೆ. ಮರುದಿನ ಫಜ್ರ್‌ನಲ್ಲಿ ಇಮಾಮರು ಕುನೂತ್‌ಗಾಗಿ ಕೈ ಎತ್ತಿದಾಗ ಅದೇ ಯುವಕ ಸುಜೂದ್‌ಗೆ ಬಾಗಿ, ಅಕ್ಕಪಕ್ಕದವರು ನಿಂತಿರುವುದನ್ನು ಕಂಡು ನಾಚಿಕೆಯಿಂದ ಮತ್ತೆ ಎದ್ದು ನಿಲ್ಲುತ್ತಾನೆ. ನಮಾಝ್ ಮುಗಿಯುತ್ತದೆ. ನಾವು ಸಲಾಂ ಹೇಳಿ ಚಪ್ಪಲಿ ಹುಡುಕಲು ಹೊರಡುತ್ತೇವೆ. ಎರಡೂ ಕ್ರಮಗಳು ಸರಿಯೆಂದು ಅವನಿಗೆ ಹೇಳಲು ಎರಡು ನಿಮಿಷ ಬೇಕಾಗದು, ಆದರೂ ಹೇಳುವವರು ವಿರಳ.

ಹೊಂದಿಕೊಳ್ಳುವುದು ಬಂದವನ ಕೆಲಸ ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಅದು ಅರ್ಧ ಮಾತ್ರ ನಿಜ. ಪರವೂರಿನಲ್ಲಿ ಮನುಷ್ಯನನ್ನು ದಣಿಸುವುದು ದೊಡ್ಡ ಕಷ್ಟಗಳಿಗಿಂತ ಹೆಚ್ಚಾಗಿ ನಿತ್ಯದ ಸಣ್ಣ ಸಂಗತಿಗಳು: ಗಂಟಲಿಗಿಳಿಯದ ಕುಚ್ಚಲಕ್ಕಿಯ ಅನ್ನ, ಜೂನ್‌ನಿಂದ ಮೂರು ತಿಂಗಳು ಒಣಗದ ಬಟ್ಟೆ, ಬಸ್ಸಿನ ಫಲಕದಲ್ಲಿ ಓದಲಾಗದ ಅಕ್ಷರ, ಪಕ್ಕದ ಮನೆಯವರು ಪ್ರೀತಿಯಿಂದ ಕೊಟ್ಟ ಮರುವಾಯಿ ಸುಕ್ಕ. (ಮೀನಿನ ಹೊರತು ಕಡಲಿನ ಬೇರೆ ಜೀವಿಗಳನ್ನು ಹನಫಿಗಳು ತಿನ್ನುವುದಿಲ್ಲ ಎಂಬುದು ಕೊಟ್ಟವರಿಗೆ ತಿಳಿದಿರುವುದಿಲ್ಲ. ಬೇಡವೆನ್ನಲು ಪಡೆದವನಿಗೆ ಭಾಷೆ ಬರುವುದಿಲ್ಲ.)

ಈ ಕಷ್ಟ ನಮ್ಮ ಕರಾವಳಿಗೆ ಹೊಸದೇನಲ್ಲ. ಮೊರೊಕ್ಕೊದ ಇಬ್ನ್ ಬತೂತಾ ದಿಲ್ಲಿಗೆ ಬಂದಾಗ ಸುಲ್ತಾನ್ ಮುಹಮ್ಮದ್ ಬಿನ್ ತುಘ್ಲಕ್ ಅವರನ್ನು ಖಾಝಿಯಾಗಿ ನೇಮಿಸಿದನು. ತಾನು ಮಾಲಿಕಿ, ಇಲ್ಲಿಯ ಜನ ಹನಫಿಗಳು, ಮೇಲಾಗಿ ಭಾಷೆಯೂ ತನಗೆ ಬಾರದು ಎಂದು ಅವರು ಅರಿಕೆ ಮಾಡಿಕೊಂಡಾಗ ಸುಲ್ತಾನನು ಇಬ್ಬರು ಸಹಾಯಕರನ್ನು ಒದಗಿಸಿದನು. 1342ರಲ್ಲಿ ದಿಲ್ಲಿ ಬಿಟ್ಟು ಪಶ್ಚಿಮ ಕರಾವಳಿಗಿಳಿದ ಈ ಪ್ರವಾಸಿಯ ಬರಹದಲ್ಲಿ ಹೊನ್ನಾವರದ ಹೆಣ್ಣುಮಕ್ಕಳ ಮದ್ರಸಾಗಳ ಪ್ರಶಂಸೆಯಿದೆ. ಜೊತೆಗೆ ಒಂದು ಬಡ ದೂರೂ ಇದೆ. ಅಲ್ಲಿದ್ದ ಹನ್ನೊಂದು ತಿಂಗಳು ಅವರಿಗೆ ರೊಟ್ಟಿಯೇ ಸಿಗಲಿಲ್ಲ, ಬರೀ ಅನ್ನ. ಮುಂದೆ ಮಲಬಾರ್, ಮಾಲ್ದೀವ್ಸ್, ಸಿಂಹಳಗಳಲ್ಲೂ ಅದೇ ಊಟವಾಗಿ, ಕೊನೆಗೆ ನೀರು ಕುಡಿಯುತ್ತಾ ಅನ್ನ ನುಂಗುವ ಸ್ಥಿತಿ ಬಂತಂತೆ. ಇಂದು ಕುಳಾಯಿಯ ಬಾಡಿಗೆ ಕೋಣೆಯಲ್ಲಿ ಗೋಧಿಹಿಟ್ಟು ಕಲಸುವ ಬಿಹಾರದ ಯುವಕನಿಗೆ ಈ ಮಾತು ಸಲೀಸಾಗಿ ಅರ್ಥವಾದೀತು. ಮಂಗಳೂರಿನಲ್ಲಿ ಆಗ ಸುಮಾರು 4000 ಮುಸ್ಲಿಮರಿದ್ದರೆಂದೂ, ಶಾಫಿಈ ಖಾಝಿ ಬದ್ರುದ್ದೀನ್ ಮಅಬರಿ ತಾವೇ ಹಡಗು ಹತ್ತಿ ಬಂದು ತಮ್ಮನ್ನು ಊರಿಗೆ ಆಹ್ವಾನಿಸಿದರೆಂದೂ ಅವರು ದಾಖಲಿಸಿದ್ದಾರೆ. ಬಂದವನು ಬಾಗಿಲು ತಟ್ಟಲೆಂದು ಖಾಝಿ ಕಾಯಲಿಲ್ಲ.

ಸುರತ್ಕಲ್ ಅಂತೂ ಬಂದವರಿಂದಲೇ ಬೆಳೆದ ಊರು. 1960ರಲ್ಲಿ ಇಲ್ಲಿ ಪ್ರಾದೇಶಿಕ ಇಂಜಿನಿಯರಿಂಗ್ ಕಾಲೇಜು ಆರಂಭವಾಯಿತು. ಈಗಿನ ಎನ್‌ಐಟಿಕೆ ಅದೇ. ಪಣಂಬೂರಿನ ನವಮಂಗಳೂರು ಬಂದರು 1975ರ ಜನವರಿಯಲ್ಲಿ ಉದ್ಘಾಟನೆಗೊಂಡಿತು. ಬಳಿಕ ರಸಗೊಬ್ಬರ ಕಾರ್ಖಾನೆ, ಎಂಆರ್‌ಪಿಎಲ್, 1998ರಲ್ಲಿ ಪೂರ್ಣಗೊಂಡ ಕೊಂಕಣ ರೈಲು. ಪ್ರತಿಯೊಂದೂ ಹೊಸ ಜನರನ್ನು ತಂದಿತು. ಪ್ರತಿಯೊಂದೂ ಹಳಬರಲ್ಲಿ ಕೆಲವರನ್ನು ಎಬ್ಬಿಸಿತು ಕೂಡ. ಬಂದರಿಗಾಗಿ ಮನೆ, ಗದ್ದೆ, ತೆಂಗಿನ ತೋಟ ಬಿಟ್ಟುಕೊಟ್ಟ ಪಣಂಬೂರು ಸುತ್ತಲಿನ ಕುಟುಂಬಗಳಿಗೆ ಕಾಟಿಪಳ್ಳ ಮತ್ತು ಕೃಷ್ಣಾಪುರದಲ್ಲಿ ಪುನರ್ವಸತಿ ಕಲ್ಪಿಸಲಾಯಿತು. ಅಲ್ಲಿಯ ವಿಳಾಸಗಳಲ್ಲಿ ಇಂದಿಗೂ ಉಳಿದಿರುವ 'ಬ್ಲಾಕ್' ಸಂಖ್ಯೆಗಳು ಆ ಕಾಲದ ಗುರುತು. ಕಡಲ ಸದ್ದು ಕೇಳುತ್ತಾ ಬೆಳೆದವರು ಗುಡ್ಡದ ಮೇಲಿನ ಒಂದು ಸಂಖ್ಯೆಯಾಗಿ ಬದುಕಲು ಕಲಿತರು. ಇಂದು ಆ ಬ್ಲಾಕ್‌ಗಳಲ್ಲಿ ಮನೆ ಕೊಡುವ ಯಜಮಾನರಲ್ಲಿ ಹಲವರು ಹೀಗೆ ಎಬ್ಬಿಸಲ್ಪಟ್ಟವರ ಮಕ್ಕಳು, ಮೊಮ್ಮಕ್ಕಳು. 'ಹೊರಗಿನವರು' ಎಂಬ ಪದ ನಮ್ಮ ಬಾಯಿಂದ ಎಷ್ಟು ಸುಲಭವಾಗಿ ಬರುತ್ತದೆ ಎಂಬುದೇ ಆಶ್ಚರ್ಯ.

ಇದಕ್ಕಿಂತಲೂ ಹತ್ತಿರದ ನೆನಪೊಂದಿದೆ. ಗಲ್ಫ್‌ನ ಮೊದಲ ತಿಂಗಳಿನ ಕತೆ ಇಲ್ಲದ ಮನೆ ನಮ್ಮಲ್ಲಿ ಅಪರೂಪ. ಜುಬೈಲ್‌ಗೋ ಶಾರ್ಜಾಕ್ಕೋ ಇಳಿದ ಹುಡುಗನನ್ನು ಕರೆತರಲು ವಿಮಾನ ನಿಲ್ದಾಣಕ್ಕೆ ಬಂದವರು ಯಾರು? ಕಂಪೆನಿಯವರಿಗಿಂತ ಮೊದಲು ಬಂದವರು ಊರಿನ ಯಾರೋ ಒಬ್ಬ ಇಕ್ಕ. 'ಊರಿನವರ ರೂಮ್'ನಲ್ಲಿ ಒಂದು ಹಾಸಿಗೆ ಹೆಚ್ಚಿತು. ಮೊದಲ ಸಂಬಳ ಆಗುವವರೆಗೆ ಮೆಸ್‌ನ ಹಣ ಯಾರೂ ಕೇಳಲಿಲ್ಲ. ಇಕಾಮಾಕ್ಕೆ ಎಲ್ಲಿ ಹೋಗಬೇಕು, ಅರಬಿಯಲ್ಲಿ ಯಾವ ನಾಲ್ಕು ಮಾತು ಕಲಿತರೆ ಕೆಲಸ ಸಾಗುತ್ತದೆ ಎಂಬುದನ್ನೆಲ್ಲ ರಾತ್ರಿ ಊಟದ ಹೊತ್ತಿಗೆ ಕಲಿಸಿದರು. ಹೊಸಬನನ್ನು ಬರಮಾಡಿಕೊಳ್ಳುವ ವಿದ್ಯೆ ನಮಗೆ ತಿಳಿಯದ್ದೇನಲ್ಲ. ಅದನ್ನು ನಾವು ನಮ್ಮವರಿಗೆ ಮಾತ್ರ, ಅದೂ ದೂರದ ದೇಶದಲ್ಲಿ ಮಾತ್ರ ಬಳಸಿದೆವು.

ಮದೀನಾದ ಅನ್ಸಾರ್‌ಗಳ ಬಗ್ಗೆ ನಾವು ಪ್ರತಿ ಹಿಜ್‌ರಾ ವರ್ಷಾರಂಭದಲ್ಲಿ ಭಾಷಣ ಕೇಳುತ್ತೇವೆ. ಆ ಭಾಷಣಗಳಲ್ಲಿ ಹೆಚ್ಚಾಗಿ ಬಿಟ್ಟುಹೋಗುವ ಒಂದು ಭಾಗವಿದೆ. ಮಕ್ಕಾದಿಂದ ಬಂದ ಮುಹಾಜಿರ್‌ಗಳಿಗೆ ಮದೀನಾದ ಹವೆ ಹಿಡಿಸಲಿಲ್ಲ. ಹಝ್ರತ್ ಅಬೂಬಕರ್(ರ) ಮತ್ತು ಹಝ್ರತ್ ಬಿಲಾಲ್(ರ) ಜ್ವರದಿಂದ ಮಲಗಿದರು. ತಮ್ಮನ್ನು ಹಿಂಸಿಸಿದ ಊರೇ ಆದರೂ ಮಕ್ಕಾದ ಕಣಿವೆಯ ಹುಲ್ಲು, ಗಿಡ, ಬೆಟ್ಟಗಳಿಗಾಗಿ ಬಿಲಾಲ್(ರ) ಹಂಬಲಿಸಿದರು. ಊರು ನೆನೆದು ಕೊರಗುವುದನ್ನು ದೌರ್ಬಲ್ಯವೆಂದು ಪ್ರವಾದಿವರ್ಯರು(ಸ) ಗದರಿಸಲಿಲ್ಲ. ಮಕ್ಕಾದಷ್ಟೇ ಅಥವಾ ಅದಕ್ಕಿಂತ ಹೆಚ್ಚಾಗಿ ಮದೀನಾವನ್ನು ತಮಗೆ ಪ್ರಿಯವಾಗಿಸಬೇಕೆಂದೂ, ಅದರ ಹವೆಯನ್ನು ಆರೋಗ್ಯಕರವಾಗಿಸಬೇಕೆಂದೂ, ಅಲ್ಲಿಯ ಧಾನ್ಯದ ಅಳತೆಗಳಲ್ಲಿ ಸಮೃದ್ಧಿ ಕೊಡಬೇಕೆಂದೂ ಅಲ್ಲಾಹನಲ್ಲಿ ಪ್ರಾರ್ಥಿಸಿದರು. ಹವೆ, ಧಾನ್ಯ, ಊರಿನ ಮೇಲಿನ ಮಮತೆ: ಹೊಸಬನ ನಿತ್ಯದ ಬದುಕು ಪೂರ್ತಿಯಾಗಿ ಈ ದುಆದಲ್ಲಿದೆ. ಇದರೊಂದಿಗೆ ಪ್ರವಾದಿವರ್ಯರು(ಸ) ಏರ್ಪಡಿಸಿದ ಸಹೋದರತ್ವವೂ ಹೆಸರು ಹಿಡಿದು ಮಾಡಿದ ಏರ್ಪಾಡಾಗಿತ್ತು. ಇಂಥ ಮುಹಾಜಿರ್‌ಗೆ ಇಂಥ ಅನ್ಸಾರಿ ಎಂದು ಜೊತೆಗೂಡಿಸಲಾಯಿತು. ಎಲ್ಲರೂ ಎಲ್ಲರನ್ನೂ ನೋಡಿಕೊಳ್ಳಿ ಎಂಬ ಸಾಮಾನ್ಯ ಉಪದೇಶದಲ್ಲಿ ಯಾರೂ ಯಾರನ್ನೂ ನೋಡಿಕೊಳ್ಳದಿರುವ ಅಪಾಯ ಎಂದೂ ಇರುತ್ತದೆ.

ನಮ್ಮ ಜನ ಜಿಪುಣರೆಂದು ನಾವು ಹೇಳುತ್ತಿಲ್ಲ. 2020ರ ಲಾಕ್‌ಡೌನ್‌ನಲ್ಲಿ ವಲಸೆ ಕಾರ್ಮಿಕರು ಕೂಲಿಯಿಲ್ಲದೆ, ರೈಲಿಲ್ಲದೆ ಸಿಲುಕಿದಾಗ ಅಕ್ಕಿ ಬೇಳೆಯ ಕಿಟ್ ಹೊತ್ತು ಓಡಾಡಿದವರಲ್ಲಿ ನಮ್ಮ ಯುವಕರು ಅನೇಕರಿದ್ದರು. ಕಿಟ್ ಕೊಟ್ಟವರಿಗೆ ಪಡೆದವರ ಧರ್ಮ ಕೇಳಬೇಕೆಂದೂ ಅನ್ನಿಸಲಿಲ್ಲ. ಆಪತ್ತಿನ ಕಾಲದಲ್ಲಿ ನಾವು ಉದಾರಿಗಳು. ಆಪತ್ತಿಲ್ಲದ ಒಂದು ಸಾಮಾನ್ಯ ಮಂಗಳವಾರದಂದು ಅದೇ ಮನುಷ್ಯ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಪವಿತ್ರ ಕುರ್‌ಆನಿನ ಅನ್ನಿಸಾ ಅಧ್ಯಾಯದ 36ನೇ ವಚನ ಸಂಬಂಧಿಕ ನೆರೆಯವನ ಜೊತೆಯಲ್ಲೇ ಅಪರಿಚಿತ ನೆರೆಯವನನ್ನೂ ಪ್ರತ್ಯೇಕವಾಗಿ ಹೆಸರಿಸುತ್ತದೆ. ಅವನು ಒಡಿಶಾದ ಹಿಂದೂ ಸಹೋದರನಿರಲಿ, ಮುರ್ಶಿದಾಬಾದಿನ ಮುಸ್ಲಿಮನಿರಲಿ, ಆ ಹಕ್ಕು ಬದಲಾಗುವುದಿಲ್ಲ.

ಇನ್ನು ಬಾಡಿಗೆ ಮನೆಯ ವಿಷಯ. ಮನೆ ಖಾಲಿಯಿದ್ದರೂ 'ಕಾಗದಪತ್ರದ ತಲೆನೋವು ಯಾರಿಗೆ ಬೇಕು' ಎಂದು ಪರವೂರಿನವರನ್ನು ಸಾಗಹಾಕುವುದನ್ನು ನಾವು ನೋಡಿದ್ದೇವೆ, ನಮ್ಮ ಬಂಧುಗಳಲ್ಲೇ ನೋಡಿದ್ದೇವೆ. ಭಯ ಪೂರ್ತಿ ಆಧಾರವಿಲ್ಲದ್ದೆಂದು ಹೇಳಲಾಗದು. ಆದರೆ ಅದರ ಮದ್ದು ಬಾಗಿಲು ಮುಚ್ಚುವುದಲ್ಲ, ಕಾಗದ ಸರಿಪಡಿಸುವುದು. 180 ದಿನಗಳಿಗಿಂತ ಹೆಚ್ಚಿನ ವಿದ್ಯಾರ್ಥಿ ವೀಸಾದಲ್ಲಿ ಬಂದ ವಿದೇಶಿ 14 ದಿನಗಳೊಳಗೆ ನೋಂದಾಯಿಸಿಕೊಳ್ಳಬೇಕು. ಅವನನ್ನು ಇರಿಸಿಕೊಂಡ ಮನೆಯವರು 24 ತಾಸುಗಳೊಳಗೆ ಆನ್‌ಲೈನಿನಲ್ಲಿ ಮಾಹಿತಿ ನೀಡಬೇಕು. ಮನೆಯ ಕಾಲೇಜು ಹುಡುಗಿಯೊಬ್ಬಳು ಸಂಜೆ ಕುಳಿತು ಮುಗಿಸಬಹುದಾದ ಕೆಲಸವಿದು. ದೇಶದೊಳಗಿನ ಕಾರ್ಮಿಕನಾದರೆ ಗುರುತಿನ ಚೀಟಿಯ ಪ್ರತಿ, ಬಾಡಿಗೆ ಕರಾರು ಸಾಕು. ಅವನ ಊರಿನ ಪಡಿತರ ಚೀಟಿಯಿಂದ ಇಲ್ಲಿಯ ನ್ಯಾಯಬೆಲೆ ಅಂಗಡಿಯಲ್ಲೂ ಕೇಂದ್ರದ ಪಾಲಿನ ಧಾನ್ಯ ಪಡೆಯುವ ವ್ಯವಸ್ಥೆಯಿದೆ. ತಿಳಿಸಿ ಹೇಳುವವರು ಬೇಕು, ಅಷ್ಟೆ.

ಕಾಗದಕ್ಕಿಂತ ಮುಖ್ಯವಾದುದು ಪರಿಚಯ. 2025ರ ಏಪ್ರಿಲ್ 27ರಂದು ಮಂಗಳೂರಿನ ಹೊರವಲಯದ ಕುಡುಪುವಿನಲ್ಲಿ ಕೇರಳ ಮೂಲದ ವ್ಯಕ್ತಿಯೊಬ್ಬರನ್ನು ಗುಂಪೊಂದು ಹೊಡೆದು ಕೊಂದಿತು. ಸತ್ತವರು ಯಾರೆಂಬುದು ಕೂಡಲೇ ತಿಳಿಯಲಿಲ್ಲ. ಅವರ ಗುರುತು ಪತ್ತೆಯಾಗುವುದಕ್ಕೇ ಸಮಯ ಹಿಡಿಯಿತು. ಹಿಂದಿ ಅಥವಾ ಬಂಗಾಳಿ ಮಾತಾಡುವ ಬಡ ಕಾರ್ಮಿಕನನ್ನು 'ಬಾಂಗ್ಲಾದೇಶಿ' ಎಂದು ತಡೆದು ನಿಲ್ಲಿಸುವ ಈ ಕಾಲದಲ್ಲಿ, 'ಇವನು ನಮ್ಮ ಬೀದಿಯವನು, ನನಗೆ ಗೊತ್ತು' ಎಂದು ಹೇಳಬಲ್ಲ ಒಬ್ಬ ನೆರೆಯವನಿದ್ದರೆ ಅದು ಒಂದು ಜೀವ ಉಳಿಸಬಹುದು.

ಭಾಷೆಯ ವಿಚಾರದಲ್ಲಿ ನಮ್ಮ ಮಸೀದಿಗಳು ಸ್ವಲ್ಪ ಯೋಚಿಸಬೇಕಾಗಿದೆ. ಜುಮಾದ ದಿನ ಖುತ್ಬಾ ಅರಬಿಯಲ್ಲಿ, ಅದಕ್ಕೆ ಮುಂಚಿನ ಉಪನ್ಯಾಸ ಮಲಯಾಳದಲ್ಲೋ ಬ್ಯಾರಿಯಲ್ಲೋ ಕನ್ನಡದಲ್ಲೋ ಇದ್ದರೆ, ವಾರಕ್ಕೊಮ್ಮೆ ಕೆಲಸದಿಂದ ಬಿಡುವು ಪಡೆದು ಬಂದವನು ಒಂದು ಮಾತೂ ತಿಳಿಯದೆ ಮರಳುತ್ತಾನೆ. ಭಾಷೆ ಬದಲಿಸಬೇಕೆಂದು ನಾವು ಹೇಳುವುದಿಲ್ಲ. ಉಪನ್ಯಾಸದ ಸಾರಾಂಶವನ್ನು ಹಿಂದಿಯಲ್ಲಿಯೂ ಇಂಗ್ಲಿಷಿನಲ್ಲಿಯೂ ಅರ್ಧ ಪುಟ ಬರೆದು ಫಲಕಕ್ಕೆ ಅಂಟಿಸಬಹುದು. ಮದ್ರಸಾ ಖಾಲಿಯಿರುವ ಇಶಾ ನಂತರದ ಹೊತ್ತಿನಲ್ಲಿ ವಾರಕ್ಕೆರಡು ದಿನ ಕನ್ನಡ ಅಕ್ಷರ ಕಲಿಸಬಹುದು. ಬಸ್ಸಿನ ಫಲಕ ಓದುವಷ್ಟು, ಕೂಲಿಯ ಚೀಟಿಯಲ್ಲಿ ಏನಿದೆಯೆಂದು ತಿಳಿಯುವಷ್ಟು ಕನ್ನಡ, ಮೀನು ಮಾರುವ ಅಮ್ಮನೊಡನೆ ನಗುವಷ್ಟು ತುಳು ಬಂದರೆ ಮೊದಲ ವರ್ಷ ಹಗುರವಾಗುತ್ತದೆ.

ಪುರುಷರಿಗೆ ಕನಿಷ್ಠ ಮಸೀದಿಯ ಬಾಗಿಲಾದರೂ ಇದೆ. ಗಂಡನ ಕೆಲಸಕ್ಕಾಗಿಯೋ ಸಂಶೋಧನೆಗಾಗಿಯೋ ಇಲ್ಲಿಗೆ ಬಂದ ಕುಟುಂಬದ ಹೆಣ್ಣುಮಗಳಿಗೆ ಅದೂ ಇಲ್ಲ. ಹಗಲಿಡೀ ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ ಮಗುವಿನೊಂದಿಗೆ ಒಬ್ಬಳೇ ಇರುವಾಕೆಗೆ ಒಳ್ಳೆಯ ಹೆರಿಗೆ ವೈದ್ಯೆ ಎಲ್ಲಿದ್ದಾರೆ, ಹಾಲು ಯಾರು ತರುತ್ತಾರೆ, ಮಗುವಿಗೆ ಅಲಿಫ್ ಬಾ ಕಲಿಸುವವರು ಯಾರು ಎಂದು ಹೇಳಬೇಕಾದವರು ನಮ್ಮ ಮನೆಯ ಸ್ತ್ರೀಯರು. ಗಲ್ಫ್‌ನಲ್ಲಿ ಹುಟ್ಟಿ ಬೆಳೆದು, ತಂದೆಯ ಕೆಲಸ ಹೋದ ಬಳಿಕ ಊರಿಗೆ ಮರಳಿದ ನಮ್ಮದೇ ಮಕ್ಕಳೂ ಈ ಸಾಲಿಗೆ ಸೇರಿದವರು. ಅವರ ಕನ್ನಡ ಉಚ್ಚಾರವನ್ನು ಹಾಸ್ಯ ಮಾಡುವುದನ್ನು ಬಿಟ್ಟರೂ ಅರ್ಧ ಉಪಕಾರ ಮಾಡಿದಂತೆ.

ಬಂದವರಿಗೂ ಹೊಣೆಯಿದೆ. ಸಅದ್ ಬಿನ್ ರಬೀಅ್(ರ) ತಮ್ಮ ಸೊತ್ತಿನ ಅರ್ಧವನ್ನೇ ನೀಡಲು ಮುಂದಾದಾಗ ಅಬ್ದುರ್ರಹ್ಮಾನ್ ಬಿನ್ ಔಫ್(ರ) ಅವರಿಗಾಗಿ ಪ್ರಾರ್ಥಿಸಿ, ಪೇಟೆಯ ದಾರಿ ಕೇಳಿದರು. ಬನೂ ಕೈನುಕಾಅ್ ಪೇಟೆಯಲ್ಲಿ ತುಪ್ಪ ಮತ್ತು ಒಣಗಿಸಿದ ಮೊಸರಿನ ವ್ಯಾಪಾರದಿಂದ ಕೆಲವೇ ದಿನಗಳಲ್ಲಿ ತಮ್ಮ ಕಾಲಮೇಲೆ ನಿಂತರು. ಈ ಘಟನೆಯನ್ನು ಹೇಳುವಾಗ ನಾವು ಅಬ್ದುರ್ರಹ್ಮಾನರ(ರ) ಸ್ವಾಭಿಮಾನವನ್ನು ಹೊಗಳಿ ಮುಗಿಸುತ್ತೇವೆ. ಪೇಟೆಯ ದಾರಿ ಕೇಳಲು ಅವರಿಗೆ ಒಬ್ಬ ಸಅದ್(ರ) ಇದ್ದರೆಂಬುದನ್ನು ಮರೆಯುತ್ತೇವೆ.

ಜಮಾಅತ್ ಸಮಿತಿಗಳ ಮುಂದೆ ನಮ್ಮ ಬೇಡಿಕೆ ಸಣ್ಣದು. ಸದಸ್ಯರ ದಫ್ತರದ ಕೊನೆಯಲ್ಲಿ ಕೆಲವು ಪುಟಗಳನ್ನು ಬಂದವರಿಗಾಗಿ ತೆಗೆದಿಡಬೇಕು: ಹೆಸರು, ಊರು, ಇಲ್ಲಿಯ ಕೋಣೆ, ಊರಿನ ಮನೆಯವರ ಫೋನ್ ಸಂಖ್ಯೆ, ಮತ್ತು ಅವನ ಹೊಣೆ ಹೊತ್ತ ಮೊಹಲ್ಲಾದ ಒಂದು ಕುಟುಂಬದ ಹೆಸರು. ವರಿ ಕೇಳಬಾರದು, ಮತ ಕೇಳಬಾರದು. ರಾತ್ರಿ ಪಾಳಿಯಲ್ಲಿ ಅಪಘಾತವಾಗಿ ಒಬ್ಬ ಯುವಕ ತೀರಿಕೊಂಡರೆ ಮಾಲ್ಡಾದಲ್ಲಿರುವ ಅವನ ತಾಯಿಗೆ ಯಾರು ಫೋನ್ ಮಾಡಬೇಕು, ದಫನ ಇಲ್ಲಿಯೋ ಅಲ್ಲಿಯೋ ಎಂದು ಯಾರು ಕೇಳಬೇಕು ಎಂಬುದು ಆಗ ಹುಡುಕಾಡುವ ವಿಷಯವಾಗಬಾರದು. ಈ ಶುಕ್ರವಾರ ಜುಮಾ ಮುಗಿದ ಮೇಲೆ ಇಬ್ಬರು ಸದಸ್ಯರು ಹೊರಬಾಗಿಲಲ್ಲಿ ಪುಸ್ತಕ ಹಿಡಿದು ನಿಂತರೆ ಕೆಲಸ ಆರಂಭವಾಗುತ್ತದೆ. ಹೆಸರು ಬರೆಸಿಕೊಳ್ಳುವಾಗಲೇ, ಇಲ್ಲಿ ಅಸರ್ ಏಕೆ ಬೇಗ ಎಂಬುದನ್ನೂ ಹೇಳಿಬಿಡಬಹುದು.