ವೈದ್ಯರಿಗೂ ಬೇಕು ಒಬ್ಬ ವೈದ್ಯ



ನಮ್ಮ ದೇಶದಲ್ಲಿ 1991ರಿಂದ ಪ್ರತಿವರ್ಷ ಜುಲೈ 1ರಂದು ವೈದ್ಯರ ದಿನವನ್ನು ಆಚರಿಸಲಾಗುತ್ತಿದೆ. ಅಂದು ವೈದ್ಯರಿಗೆ ಶಾಲು ಹೊದಿಸುತ್ತೇವೆ, ಫಲಪುಷ್ಪಗಳನ್ನಿತ್ತು ಗೌರವಿಸುತ್ತೇವೆ, ಅವರ ಸೇವೆಯನ್ನು ಮನಸಾರೆ ಕೊಂಡಾಡುತ್ತೇವೆ. ಅದು ಉಚಿತವೇ ಆಗಿದೆ. ಆದರೆ ಆ ವೈದ್ಯರೇ ಮನಸ್ಸು ಕುಸಿದು ಕುಳಿತರೆ, ನಿದ್ರೆಗೆಟ್ಟು ನರಳಿದರೆ, ಕುಡಿತಕ್ಕೋ ಮಾತ್ರೆ ಮದ್ದುಗಳ ದಾಸ್ಯಕ್ಕೋ ಸಿಲುಕಿದರೆ ಅವರನ್ನು ಉಪಚರಿಸುವವರು ಯಾರು? ಈ ಪ್ರಶ್ನೆಯನ್ನು ನಾವು ಕೇಳಿಕೊಳ್ಳುವುದು ಅಪರೂಪ. ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆ ಇಲ್ಲಿ ಅಕ್ಷರಶಃ ಸತ್ಯವಾಗುತ್ತದೆ.

ಕತ್ರಿಗುಪ್ಪೆಯ ನಿವಾಸಿಗಳಾದ ನಮಗೆ ಇದು ದೂರದ ಮಾತಲ್ಲ. ನೆರೆಯ ಬನಶಂಕರಿ ಎರಡನೆಯ ಹಂತದಲ್ಲಿ ಕೆಂಪೇಗೌಡ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಕಾಲೇಜಿದೆ. ಬಿಳಿಯ ಕೋಟನ್ನು ತೋಳಿಗೆ ಹಾಕಿಕೊಂಡು ಬೆಳಗಿನ ಬಸ್ಸಿಗೆ ಕಾಯುವ ತರುಣ ತರುಣಿಯರನ್ನು ನಾವು ನಿತ್ಯ ಕಾಣುತ್ತೇವೆ. ನಮ್ಮ ಸಮಾಜಕ್ಕಂತೂ ಈ ವೃತ್ತಿಯ ನಂಟು ಹಳೆಯದು. ಹನ್ನೆರಡನೆಯ ಶತಮಾನದ ಶರಣರಲ್ಲಿ ವೈದ್ಯ ಸಂಗಣ್ಣನೂ ಒಬ್ಬನಾಗಿದ್ದನು. ಇಂದಿಗೂ ಮನೆಯ ಮಗನಿಗೋ ಮಗಳಿಗೋ ವೈದ್ಯಕೀಯ ಸೀಟು ದೊರೆತರೆ ನೆಂಟರಿಷ್ಟರಿಗೆಲ್ಲ ಸಿಹಿ ಹಂಚುತ್ತೇವೆ. ಆ ಸಂತೋಷದ ಜೊತೆಯಲ್ಲಿ ಆ ಎಳೆಯ ಹೆಗಲ ಮೇಲೆ ಬೀಳುವ ಭಾರವನ್ನೂ ತಿಳಿದುಕೊಳ್ಳುವುದು ಹಿರಿಯರಾದ ನಮ್ಮ ಕರ್ತವ್ಯ.

ರಾಷ್ಟ್ರೀಯ ವೈದ್ಯಕೀಯ ಆಯೋಗವು ವೈದ್ಯ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯವನ್ನು ಕುರಿತು ನೇಮಿಸಿದ್ದ ಕಾರ್ಯಪಡೆಯು 2024ರಲ್ಲಿ ತನ್ನ ವರದಿಯನ್ನು ನೀಡಿತು. ಅದು ನಡೆಸಿದ ಸಮೀಕ್ಷೆಗೆ 25,590 ಮಂದಿ ಪದವಿ ವಿದ್ಯಾರ್ಥಿಗಳೂ 5,337 ಮಂದಿ ಸ್ನಾತಕೋತ್ತರ ವಿದ್ಯಾರ್ಥಿಗಳೂ ಉತ್ತರಿಸಿದ್ದರು. ತಾವಾಗಿ ಮುಂದೆ ಬಂದು ಉತ್ತರಿಸಿದವರ ಮಾತು ಇದಾದುದರಿಂದ ಎಲ್ಲರಿಗೂ ಇದೇ ಲೆಕ್ಕ ಅನ್ವಯಿಸುತ್ತದೆ ಎನ್ನಲಾಗದು. ಆದರೂ ತಮಗೆ ಮಾನಸಿಕ ಕಾಯಿಲೆ ಇದೆಯೆಂದು ಹೇಳಿಕೊಂಡವರು ಪದವಿ ವಿದ್ಯಾರ್ಥಿಗಳಲ್ಲಿ ಶೇಕಡಾ 27.8ರಷ್ಟಿದ್ದರು. ಹಿಂದಿನ ಒಂದು ವರ್ಷದಲ್ಲಿ ಜೀವ ಕಳೆದುಕೊಳ್ಳುವ ಯೋಚನೆ ಬಂದಿತ್ತೆಂದವರು ಪದವಿಯವರಲ್ಲಿ ಶೇಕಡಾ 16.2, ಸ್ನಾತಕೋತ್ತರದವರಲ್ಲಿ ಶೇಕಡಾ 31.2. ಓದಿನಲ್ಲಿ ಮುಂದುವರಿದಂತೆ ಸಂಕಟವೂ ಹೆಚ್ಚಿರುವುದನ್ನು ಪಾಲಕರು ಗಮನಿಸಬೇಕು.

ಇದಕ್ಕೆ ಕಾರಣಗಳನ್ನು ಹುಡುಕಲು ಬಹುದೂರ ಹೋಗಬೇಕಾಗಿಲ್ಲ. ನಿವಾಸಿ ವೈದ್ಯರ ಕರ್ತವ್ಯವು ದಿನಕ್ಕೆ 12 ಗಂಟೆ, ವಾರಕ್ಕೆ 48 ಗಂಟೆಗಳನ್ನು ಮೀರದಿರಲೆಂದು ಕೇಂದ್ರ ಸರ್ಕಾರವು 1992ರಲ್ಲಿಯೇ ಸೂಚಿಸಿತ್ತು. ವಾಸ್ತವದಲ್ಲಿ ರಾತ್ರಿಯ ಪಾಳಿ ಮುಗಿಸಿದವರು ಮರುದಿನದ ಹೊರರೋಗಿ ವಿಭಾಗಕ್ಕೂ ಹಾಜರಾಗುವುದು ಇಂದಿಗೂ ಸಾಮಾನ್ಯವಾಗಿದೆ. 2024ರ ಕಾರ್ಯಪಡೆಯೂ ವಾರಕ್ಕೆ 74 ಗಂಟೆಗಳ ಮಿತಿ, ವಾರಕ್ಕೊಂದು ದಿನದ ರಜೆ, ದಿನಕ್ಕೆ ಏಳೆಂಟು ಗಂಟೆಗಳ ನಿದ್ರೆ ಇರಬೇಕೆಂದು ಹೇಳಬೇಕಾಗಿ ಬಂದಿತು. ಇದರ ಮೇಲೆ ಸಾವುನೋವುಗಳ ನಿತ್ಯದರ್ಶನ, ಸಿಟ್ಟಿಗೆದ್ದ ಬಂಧುಗಳ ನಿಂದೆ, ಒಮ್ಮೊಮ್ಮೆ ಹಲ್ಲೆ. ವೈದ್ಯಕೀಯ ಸಿಬ್ಬಂದಿಯ ರಕ್ಷಣೆಗೆಂದು ಕರ್ನಾಟಕವು 2009ರಲ್ಲಿ ಪ್ರತ್ಯೇಕ ಕಾನೂನನ್ನೇ ಮಾಡಬೇಕಾಯಿತೆಂದರೆ ಪರಿಸ್ಥಿತಿಯ ತೀವ್ರತೆಯನ್ನು ಊಹಿಸಬಹುದು.

ಇಷ್ಟಿದ್ದರೂ ವೈದ್ಯರು ಚಿಕಿತ್ಸೆಗೆ ಹೋಗಲು ಹಿಂಜರಿಯುತ್ತಾರೆ. ರೋಗದ ಲಕ್ಷಣ ಅವರಿಗೆ ತಿಳಿಯದೆಂದಲ್ಲ. ತಿಳಿದರೆ ನಾಲ್ಕು ಜನ ಏನೆನ್ನುವರೆಂಬ ಭಯ. ಸಹೋದ್ಯೋಗಿಗಳು ಹಗುರವಾಗಿ ಕಂಡಾರು, ರೋಗಿಗಳು ದೂರವಾದಾರು, ವೃತ್ತಿಯ ಪರವಾನಗಿಗೇ ಕುತ್ತು ಬಂದೀತು, ಮದುವೆಯ ಸಂಬಂಧ ಕೂಡಿಬರಲಿಕ್ಕಿಲ್ಲ ಎಂಬ ಅಳುಕು. ಹೀಗಾಗಿ ತಮ್ಮ ಕಾಯಿಲೆಗೆ ತಾವೇ ಮದ್ದು ಬರೆದುಕೊಳ್ಳುತ್ತಾರೆ. ಔಷಧದ ಬೀರು ಕೈಗೆಟಕುವಷ್ಟರಲ್ಲೇ ಇರುವುದರಿಂದ ಅಪಾಯವೂ ಹೆಚ್ಚು.

ಈ ಭಯವನ್ನು ನೀಗಿಸಲೆಂದೇ ಕೆಲವು ದೇಶಗಳಲ್ಲಿ ವೈದ್ಯರಿಗಾಗಿ ಪ್ರತ್ಯೇಕ ಆಸರೆಯ ಕಾರ್ಯಕ್ರಮಗಳು ಹುಟ್ಟಿಕೊಂಡಿವೆ. ಕಾಯಿಲೆಬಿದ್ದ ವೈದ್ಯರ ವಿಷಯವನ್ನು ಅಮೆರಿಕದ ವೈದ್ಯಕೀಯ ಸಂಘವು 1973ರಲ್ಲಿಯೇ ಬಹಿರಂಗವಾಗಿ ಚರ್ಚೆಗೆ ತಂದಿತು. ಮುಂದೆ ಅಲ್ಲಿನ ಹೆಚ್ಚಿನ ರಾಜ್ಯಗಳಲ್ಲಿ ಇಂಥ ಕಾರ್ಯಕ್ರಮಗಳು ಏರ್ಪಟ್ಟವು. ತೊಂದರೆಯಲ್ಲಿರುವ ವೈದ್ಯರು ತಾವಾಗಿ ಬರಬಹುದು. ಮನೆಯವರೋ ಸಹೋದ್ಯೋಗಿಯೋ ಕರೆತರಲೂಬಹುದು. ಮೊದಲು ಪರೀಕ್ಷೆ, ಅನಂತರ ಚಿಕಿತ್ಸೆ, ಆಮೇಲೆ ವ್ಯಸನದ ಸಂದರ್ಭದಲ್ಲಿ ಐದು ವರ್ಷಗಳಷ್ಟು ದೀರ್ಘಕಾಲದ ನಿಗಾ. ಹದಿನಾರು ರಾಜ್ಯಗಳ ಕಾರ್ಯಕ್ರಮಗಳಿಗೆ ಸೇರಿದ, ವ್ಯಸನಕ್ಕೆ ಸಿಲುಕಿದ್ದ 904 ವೈದ್ಯರನ್ನು ಕುರಿತ ಅಧ್ಯಯನವೊಂದು 2008ರಲ್ಲಿ ಪ್ರಕಟವಾಯಿತು. ಐದು ವರ್ಷಗಳ ಕಾಲ ಮಾಹಿತಿ ದೊರೆತವರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಮಂದಿ ಪರವಾನಗಿ ಉಳಿಸಿಕೊಂಡು ವೃತ್ತಿಯಲ್ಲಿ ಮುಂದುವರಿದಿದ್ದರು. ವ್ಯಸನಕ್ಕೆ ಬಿದ್ದವನ ಬಾಳು ಮುಗಿದಂತೆಯೇ ಎಂಬ ನಮ್ಮ ನಂಬಿಕೆ ಎಷ್ಟು ಪೊಳ್ಳೆಂಬುದನ್ನು ಇದು ತೋರಿಸಿಕೊಡುತ್ತದೆ. ಇಂಗ್ಲೆಂಡಿನಲ್ಲಿಯೂ 2008ರಲ್ಲಿ ಲಂಡನ್ ನಗರದ ವೈದ್ಯರಿಗಾಗಿ ಆರಂಭವಾದ ಗೋಪ್ಯ ಚಿಕಿತ್ಸಾ ಸೇವೆಯು ಕಾಲಕ್ರಮದಲ್ಲಿ ದೇಶದ ಇತರ ಭಾಗಗಳಿಗೂ ವಿಸ್ತರಿಸಿತು. ಹೊರದೇಶಗಳಲ್ಲಿ ವೃತ್ತಿನಿರತರಾಗಿರುವ ನಮ್ಮ ಮಕ್ಕಳು ಇಂಥ ಸೇವೆಗಳ ಮಾಹಿತಿಯನ್ನು ಪಡೆದಿರುವುದು ಒಳ್ಳೆಯದು.

ಒಂದು ಮಾತನ್ನು ಇಲ್ಲಿ ಸ್ಪಷ್ಟಪಡಿಸಬೇಕು. ಗೋಪ್ಯವೆಂದರೆ ಮುಚ್ಚಿಡುವುದಲ್ಲ. ಕೈ ನಡುಗುವವರು, ಮದ್ದಿನ ಅಮಲಿನಲ್ಲಿರುವವರು ಗುಣವಾಗುವವರೆಗೆ ಕರ್ತವ್ಯದಿಂದ ದೂರವಿರಲೇಬೇಕು. ರೋಗಿಯ ಪ್ರಾಣ ಅದಕ್ಕಿಂತ ದೊಡ್ಡದು. ಆದರೆ ಚಿಕಿತ್ಸೆಗೆ ಬಂದರೆ ಮರ್ಯಾದೆ ಉಳಿಯುತ್ತದೆಂಬ ಭರವಸೆಯಿದ್ದರೆ ಮಾತ್ರ ಅವರು ಸಕಾಲಕ್ಕೆ ಬರುತ್ತಾರೆ. ಬಾಗಿಲಲ್ಲಿಯೇ ಶಿಕ್ಷೆ ಕಾದಿದ್ದರೆ ಕಾಯಿಲೆಯನ್ನು ಬಚ್ಚಿಟ್ಟುಕೊಂಡೇ ಶಸ್ತ್ರಚಿಕಿತ್ಸೆಯ ಕೋಣೆಗೆ ಹೋಗುತ್ತಾರೆ. ಆದುದರಿಂದ ವೈದ್ಯರಿಗೆ ಕೊಡುವ ಆಸರೆ ರೋಗಿಗಳಿಗೂ ರಕ್ಷೆಯೇ ಆಗಿದೆ.

ನಮ್ಮಲ್ಲಿ ಅಂಥ ಪ್ರತ್ಯೇಕ ವ್ಯವಸ್ಥೆ ಇನ್ನೂ ಬೇರೂರಿಲ್ಲವಾದರೂ ಬಾಗಿಲುಗಳೇ ಇಲ್ಲವೆಂದು ಕೈಚೆಲ್ಲಬೇಕಾಗಿಲ್ಲ. ಹೊಸೂರು ರಸ್ತೆಯ ನಿಮ್ಹಾನ್ಸ್ ನಮ್ಮ ಬಡಾವಣೆಯಿಂದ ಬಹುದೂರವೇನಲ್ಲ. ವ್ಯಸನ ಚಿಕಿತ್ಸೆಗೆಂದೇ ಅಲ್ಲಿ ಪ್ರತ್ಯೇಕ ವಿಭಾಗವಿದೆ. ಆಸ್ಪತ್ರೆಯ ಹೆಸರಿಗೇ ಅಂಜುವವರಿಗೆಂದು ಅದೇ ಸಂಸ್ಥೆಯು ಬಿ.ಟಿ.ಎಂ. ಬಡಾವಣೆಯಲ್ಲಿ ಮನೋಕ್ಷೇಮ ಕೇಂದ್ರವೊಂದನ್ನು ತೆರೆದಿದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲಿರುಳೆನ್ನದೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು. ಜಿಲ್ಲೆಗಳಲ್ಲಿರುವ ಬಂಧುಗಳಿಗೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಿದೆ. 1985ರಲ್ಲಿ ನಿಮ್ಹಾನ್ಸ್ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ ದೇಶಕ್ಕೆಲ್ಲ ಮಾದರಿಯಾಯಿತೆಂಬುದು ಕನ್ನಡಿಗರ ಹೆಮ್ಮೆ. 2018ರ ಮೇ 29ರಂದು ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಚಿಕಿತ್ಸೆಯ ವಿವರಗಳನ್ನು ಗೋಪ್ಯವಾಗಿಡುವುದನ್ನು ರೋಗಿಯ ಹಕ್ಕನ್ನಾಗಿಸಿದೆ. ವೈದ್ಯರೂ ರೋಗಿಯಾದಾಗ ಆ ಹಕ್ಕಿಗೆ ಬಾಧ್ಯರು.

ಇನ್ನು ಮನೆಯವರು ಮಾಡಬೇಕಾದುದೇನು? ವೈದ್ಯರಾದ ಮಗನೋ ಸೊಸೆಯೋ ಮಾತು ಕಡಿಮೆ ಮಾಡಿದರೆ, ಊಟ ನಿದ್ರೆ ತಪ್ಪಿದರೆ, ಅಕಾರಣ ಸಿಡುಕಿದರೆ, ಹಬ್ಬ ಹುಣ್ಣಿಮೆಗಳಲ್ಲಿ ಒಬ್ಬರೇ ಕೋಣೆ ಸೇರಿದರೆ ಅದನ್ನು ಕೆಲಸದ ಆಯಾಸವೆಂದಷ್ಟೇ ಬಗೆದು ಸುಮ್ಮನಿರಬೇಡಿರಿ. ಹತ್ತಿರ ಕುಳಿತು ವಿಚಾರಿಸಿರಿ. ಸಾಯುವ ಮಾತು ಬಂದರೆ ಬೈದು ಬಾಯಿ ಮುಚ್ಚಿಸಬೇಡಿರಿ, ಒಂಟಿಯಾಗಿ ಬಿಡಬೇಡಿರಿ, ಅಂದೇ ತಜ್ಞರ ಬಳಿಗೆ ಕರೆದೊಯ್ಯಿರಿ. ತಾವು ದುಡಿಯುವ ಆಸ್ಪತ್ರೆಯಲ್ಲಿಯೇ ತೋರಿಸಿಕೊಳ್ಳಲು ಸಂಕೋಚವಾದರೆ ಬೇರೊಂದು ಆಸ್ಪತ್ರೆಯಲ್ಲಿ ತೋರಿಸಬಹುದು. ನೀನೇ ಡಾಕ್ಟರಾಗಿ ಹೀಗೆ ಕುಗ್ಗಿದರೆ ಹೇಗೆ ಎಂಬ ಮಾತನ್ನು ಮಾತ್ರ ಆಡಬೇಡಿರಿ. ಅದು ಧೈರ್ಯ ತುಂಬುವುದಿಲ್ಲ, ಬಾಯಿ ಕಟ್ಟಿಸುತ್ತದೆ. ಓದನ್ನು ಒಂದು ವರ್ಷ ನಿಲ್ಲಿಸಬೇಕಾಗಿ ಬಂದರೂ ಚಿಂತೆಯಿಲ್ಲ. ನಿಂತ ಓದನ್ನು ಮುಂದೆ ಪೂರೈಸಬಹುದು, ಹೋದ ಜೀವ ಮರಳದು.

ಸಮಾಜದ ಹಿರಿಯರಲ್ಲಿಯೂ ಒಂದು ಅರಿಕೆ. ಬೆಳಗಾವಿ, ದಾವಣಗೆರೆ, ಕಲಬುರಗಿ, ಮೈಸೂರು ಮುಂತಾದೆಡೆಗಳಲ್ಲಿ ನಮ್ಮ ಮಠಗಳೂ ಸಮಾಜದ ಮಹನೀಯರೂ ಕಟ್ಟಿ ಬೆಳೆಸಿದ ವೈದ್ಯಕೀಯ ಕಾಲೇಜುಗಳಿವೆ. ಹಸಿದು ಬಂದವರಿಗೆ ಅನ್ನವಿಕ್ಕಿ ವಿದ್ಯೆ ಕೊಟ್ಟ ಪರಂಪರೆ ಇವುಗಳ ಬೆನ್ನಿಗಿದೆ. ವಿಭಾಗದ ಮುಖ್ಯಸ್ಥರ ಅಧೀನದಲ್ಲಿಲ್ಲದ ಆಪ್ತಸಲಹೆಗಾರರು, ವಾರದ ರಜೆಯ ಖಚಿತ ಪಾಲನೆ, ಚಿಕಿತ್ಸೆ ಪಡೆದು ಬಂದವರಿಗೆ ಯಾವ ಕಳಂಕವೂ ಇಲ್ಲದೆ ಮರುಪ್ರವೇಶ – ಈ ಮೂರನ್ನು ಇಂಥ ಸಂಸ್ಥೆಗಳು ಮೊದಲಾಗಿ ನಡೆಸಿ ತೋರಿಸಿದರೆ ನಾಡಿಗೇ ಮೇಲ್ಪಂಕ್ತಿಯಾದೀತು.

ಕಾಯಕದಲ್ಲಿ ಮೈಮರೆತವರು ಬಳಲಿದಾಗ ಅವರನ್ನು ಆತುಕೊಳ್ಳುವುದು ಸಮಾಜದ ಧರ್ಮ. ಮುಂದಿನ ಸಲ ನಿಮ್ಮ ವೈದ್ಯರ ಬಳಿಗೆ ಹೋದಾಗ ನಿಮ್ಮ ನೋವನ್ನು ಹೇಳಿಕೊಂಡ ಮೇಲೆ, ತಾವು ಹೇಗಿದ್ದೀರಿ, ಊಟವಾಯಿತೇ ಎಂದೊಂದು ಮಾತು ಕೇಳಿರಿ.