ಬೀದಿಯ ಗುಂಡಿಗಳಿಗೆ ಹೊಣೆ ಯಾರು?

ಬೆಂಗಳೂರಿನ ಬೀದಿಯಲ್ಲಿ ಗುಂಡಿ ಬಿದ್ದರೆ ಹೊಣೆ ಯಾರದೆಂದು ಕೇಳುವವನಿಗೆ ಉತ್ತರಗಳಿಗೇನೂ ಕೊರತೆಯಿಲ್ಲ. ಅಗೆದವರು ಜಲಮಂಡಲಿಯವರೆಂದು ಪಾಲಿಕೆಯೂ, ಮುಚ್ಚಬೇಕಾದವರು ಪಾಲಿಕೆಯವರೆಂದು ಜಲಮಂಡಲಿಯೂ, ಎಲ್ಲಕ್ಕೂ ಮಳೆಯೇ ಕಾರಣವೆಂದು ಗುತ್ತಿಗೆದಾರರೂ ಹೇಳುವರು. ಮಳೆಯು ಬೀದಿಯನ್ನು ಕೆಡಿಸುವುದು ದಿಟವೇ. ಆದರೆ ಹರಿದುಹೋಗಲು ಚರಂಡಿಯಿಲ್ಲದ ನೀರು ಡಾಂಬರಿನ ಬಿರುಕಿನಲ್ಲಿಳಿದು ಅಡಿಯ ಜಲ್ಲಿಯನ್ನು ಸಡಿಲಿಸುವುದರಿಂದಲೇ ಗುಂಡಿ ಹುಟ್ಟುವುದು. ಚರಂಡಿ ಕಟ್ಟಿಸುವ ಕೆಲಸವನ್ನು ಯಾರೂ ವರುಣನಿಗೆ ವಹಿಸಿಲ್ಲವಷ್ಟೆ!

ಕಾಯಿದೆಯಲ್ಲಿ ಸಂದೇಹಕ್ಕೆಡೆಯಿರಲಿಲ್ಲ. 1976ರ ಪೌರನಿಗಮಗಳ ಅಧಿನಿಯಮವು ಸಾರ್ವಜನಿಕ ಬೀದಿಗಳ ಪೋಷಣೆಯನ್ನು ಪಾಲಿಕೆಯ ಕಡ್ಡಾಯ ಕರ್ತವ್ಯಗಳಲ್ಲಿ ಎಣಿಸಿತು. ಗುಂಡಿಯಿಂದ ನೊಂದವರಿಗೆ ಪಾಲಿಕೆಯಿಂದ ಪರಿಹಾರ ಕೇಳುವ ಹಕ್ಕುಂಟೆಂದು ರಾಜ್ಯದ ಉಚ್ಚ ನ್ಯಾಯಾಲಯವು 2019ರಲ್ಲಿ ಸಾರಿತು. 2025ರ ಸೆಪ್ಟೆಂಬರಿನಲ್ಲಿ ಒಂದು ಪಾಲಿಕೆಯ ಸ್ಥಾನದಲ್ಲಿ ಐದು ಪಾಲಿಕೆಗಳಾದುವು. ಹೊಣೆಯೂ ಐದು ಪಾಲಾಗಿ ಕರಗಿಹೋಗದಂತೆ ಸರಕಾರವು ನೋಡಿಕೊಳ್ಳಬೇಕು.

ಅಗೆದವರು ಯಾರೇ ಆಗಲಿ, ಅಗೆಯಲು ಅನುಮತಿಯಿತ್ತ ಅಧಿಕಾರಿಯೇ ಬೀದಿಯು ಮೊದಲಿನಂತಾಗುವವರೆಗೆ ಉತ್ತರವಾದಿಯಾಗಲಿ. ಇಂಜಿನಿಯರು, ಗುತ್ತಿಗೆದಾರ ಇಬ್ಬರ ಹೆಸರನ್ನೂ ದುರಸ್ತಿಯ ಹೊಣೆಯ ಅವಧಿಯನ್ನೂ ಬರೆದ ಫಲಕವು ಪ್ರತಿಯೊಂದು ಬೀದಿಯಲ್ಲಿಯೂ ನಿಲ್ಲಲಿ. ಹೊಣೆಗೆ ಹೆಸರಿಲ್ಲದಿರುವವರೆಗೂ, ತೆರಿಗೆಯನ್ನು ಸಲ್ಲಿಸಿದ ನಾಗರಿಕನೇ ಕತ್ತಲಲ್ಲಿ ಗುಂಡಿಗೆ ಪ್ರಾಣವನ್ನೂ ತೆರಬೇಕಾದೀತು.