ನುಡಿ ಜಗತ್ತಿಗೆ, ನಡೆ ಮತಪೆಟ್ಟಿಗೆಗೆ

ಹವಾಮಾನ ಒಪ್ಪಂದಕ್ಕೆ ಸಹಿ ಬಿದ್ದಾಗಲೆಲ್ಲ ಚಪ್ಪಾಳೆ ಕೇಳಿಸುತ್ತದೆ. ನನಗೆ ಮಾತ್ರ ಅನುಮಾನ ಹುಟ್ಟುತ್ತದೆ. ಸರ್ಕಾರಿ ಎಂಜಿನಿಯರಾಗಿ ದುಡಿದು ನಿವೃತ್ತನಾದವನು ನಾನು. ಅಂದಾಜು ಪಟ್ಟಿ, ಅನುದಾನ, ಹೊಣೆ ಹೊರುವ ಅಧಿಕಾರಿ, ಈ ಮೂರೂ ಇಲ್ಲದ ಘೋಷಣೆ ಬರೀ ಅಡಿಗಲ್ಲು ಎಂಬುದನ್ನು ಬಲ್ಲೆ. ಇದಕ್ಕೆ ಕೆನಡಾ ದೇಶವೇ ದೃಷ್ಟಾಂತ.

1997ರ ಕ್ಯೋಟೋ ಒಪ್ಪಂದದಲ್ಲಿ ಕೆನಡಾ ಕೊಟ್ಟ ಮಾತು ಇದು: 2008ರಿಂದ 2012ರ ಅವಧಿಯಲ್ಲಿ ಹಸಿರುಮನೆ ಅನಿಲಗಳನ್ನು 1990ರ ಮಟ್ಟಕ್ಕಿಂತ ಶೇ. 6ರಷ್ಟು ಇಳಿಸುತ್ತೇವೆ. 2002ರ ಡಿಸೆಂಬರಿನಲ್ಲಿ ಪ್ರಧಾನಿ ಜಾನ್ ಕ್ರೆಟಿಯೆನ್ ಸಂಸತ್ತಿನ ಒಪ್ಪಿಗೆ ಪಡೆದು ಅನುಮೋದನೆಯನ್ನೂ ಮುಗಿಸಿದರು. ಆದರೆ ಆ ದೇಶದಲ್ಲಿ ತೈಲ ಸಂಪತ್ತಿನ ಮೇಲಿನ ಅಧಿಕಾರ ಪ್ರಾಂತ್ಯಗಳ ಕೈಯಲ್ಲಿದೆ. ತೈಲ ಮರಳಿನ ನಾಡಾದ ಆಲ್ಬರ್ಟಾದ ಮುಖ್ಯಸ್ಥ ರಾಲ್ಫ್ ಕ್ಲೈನ್ ಬಹಿರಂಗವಾಗಿಯೇ ವಿರೋಧಿಸಿದರು. ಅವರನ್ನು ಒಪ್ಪಿಸಲೂ ಇಲ್ಲ, ಎದುರಿಸಲೂ ಇಲ್ಲ. ಫಲವೇನು? 2005ರ ಹೊತ್ತಿಗೆ ಅನಿಲದ ಪ್ರಮಾಣ 1990ಕ್ಕಿಂತ ಸುಮಾರು ಕಾಲು ಪಾಲು ಏರಿತ್ತು.

2006ರಲ್ಲಿ ಅಧಿಕಾರಕ್ಕೆ ಬಂದ ಸ್ಟೀಫನ್ ಹಾರ್ಪರ್ ಈ ಗುರಿ ಆಗದ ಮಾತು ಎಂದರು. 2007ರಲ್ಲಿ ವಿರೋಧ ಪಕ್ಷಗಳು ಒಂದಾಗಿ, ಕ್ಯೋಟೋ ಪಾಲಿಸಲೇಬೇಕೆಂಬ ಕಾಯ್ದೆ ಪಾಸು ಮಾಡಿದವು. ಕುರ್ಚಿಯಲ್ಲಿದ್ದಾಗ ಮಾಡದ ಕೆಲಸವನ್ನು ಕುರ್ಚಿ ಹೋದ ಮೇಲೆ ಮಾಡಿದ ಜಾಣತನವಿದು! ಸರ್ಕಾರವೂ ಆ ಕಾಯ್ದೆಯನ್ನು ಮೂಲೆಗಿಟ್ಟಿತು. 2011ರ ಡಿಸೆಂಬರಿನಲ್ಲಿ ಒಪ್ಪಂದದಿಂದಲೇ ಹೊರನಡೆಯುವುದಾಗಿ ಸಾರಿತು. ಉಳಿದರೆ 1,400 ಕೋಟಿ ಡಾಲರ್ ಹೊರೆ ಬೀಳುತ್ತದೆ ಎಂದರು ಪರಿಸರ ಸಚಿವರು. ವರ್ಷಗಟ್ಟಲೆ ಕೈಕಟ್ಟಿ ಕೂತವರು ಅದರ ಬಿಲ್ಲನ್ನು ಒಪ್ಪಂದದ ತಲೆಗೆ ಕಟ್ಟುವುದು ಯಾವ ನ್ಯಾಯ? ಇದರಲ್ಲಿ ಎರಡೂ ಪಕ್ಷಗಳ ಪಾಲಿದೆ.

ಇದೆಲ್ಲ ಆಗದ ಕೆಲಸ ಎನ್ನುವವರು ಅದೇ ಕೆನಡಾದ ಒಂಟಾರಿಯೊ ಪ್ರಾಂತ್ಯವನ್ನು ನೋಡಲಿ. 2003ರಲ್ಲಿ ಅಲ್ಲಿನ ವಿದ್ಯುತ್ತಿನ ಸುಮಾರು ಕಾಲು ಭಾಗ ಕಲ್ಲಿದ್ದಲಿನಿಂದ ಬರುತ್ತಿತ್ತು. ಗಡುವು ತಪ್ಪಿತು, ಮುಂದಕ್ಕೆ ಹೋಯಿತು. ಆದರೂ ಅಣುಶಕ್ತಿ, ಅನಿಲ, ಗಾಳಿಯ ವಿದ್ಯುತ್ತನ್ನು ಬದಲಿಯಾಗಿ ಕಟ್ಟುತ್ತ ಒಂದೊಂದೇ ಸ್ಥಾವರ ಮುಚ್ಚಿದರು. 2014ರಲ್ಲಿ ಕೊನೆಯ ಕಲ್ಲಿದ್ದಲು ಘಟಕವೂ ನಿಂತಿತು. ಎಂಜಿನಿಯರಿಂಗ್ ಎಲ್ಲೂ ಅಡ್ಡ ಬರಲಿಲ್ಲ. ಅಡ್ಡ ಬಂದದ್ದು ಮತದ ಲೆಕ್ಕಾಚಾರ.

ನಮ್ಮ ದೇಶವೂ 2021ರಲ್ಲಿ ಗ್ಲಾಸ್ಗೋದಲ್ಲಿ, 2070ಕ್ಕೆ ನಿವ್ವಳ ಶೂನ್ಯ ಎಂಬ ಮಾತು ಕೊಟ್ಟಿದೆ. ಆ ದಿನ ನೋಡಲು ನಾನಿರುವುದಿಲ್ಲ, ಮಾತು ಕೊಟ್ಟವರೂ ಇರುವುದಿಲ್ಲ, ಮೊಮ್ಮಕ್ಕಳು ಇರುತ್ತಾರೆ. ಆದ್ದರಿಂದ ಬಂಧುಗಳೇ, ಮತ ಕೇಳಲು ಬಂದವರನ್ನು ಈಗಲೇ ಕೇಳಿರಿ: ಯಾವ ಸ್ಥಾವರ ಯಾವ ವರ್ಷ ನಿಲ್ಲುತ್ತದೆ? ಬದಲಿ ಏನು? ಅಲ್ಲಿ ದುಡಿಯುವವರ ಗತಿಯೇನು? ಹಣ ಯಾವ ಬಜೆಟ್ಟಿನಲ್ಲಿದೆ? ಉತ್ತರ ಬರುವವರೆಗೆ ಚಪ್ಪಾಳೆ ತಟ್ಟಬೇಡಿರಿ.